ಏರ್‌ಲೂಮ್‌ನ ವಾರಸುದಾರ

ಡಿಕ್ಷನರಿ ಓದುವ ಗಂಡಸಿಗೆ ಮನೆಯಲ್ಲಿ ಮರ್ಯಾದೆ ಇಲ್ಲ. ನಾನು ನೊಂದು ಹೇಳುತ್ತಿದ್ದೇನೆ.

ಡೊಂಬಿವಲಿಯ ನಮ್ಮ ಹಳೇ ಬಿಲ್ಡಿಂಗು ರೀಡೆವಲಪ್‌ಮೆಂಟಿಗೆ ಹೋಯಿತು. ಮಗ ವಿಜಯಕುಮಾರ ಸೀವುಡ್ಸ್‌ನಲ್ಲಿ ಫ್ಲ್ಯಾಟ್ ಹಿಡಿದ. ಹಳೇ ಸಾಮಾನಿನಲ್ಲಿ ಒಂದನ್ನು ಮಾತ್ರ ತನ್ನಿ, ಬಾಲ್ಕನಿಯಲ್ಲಿ ಅಷ್ಟೇ ಜಾಗ ಎಂದು ಕಟ್ಟಪ್ಪಣೆ ಮಾಡಿದ. ಆ ಒಂದು ಯಾವುದು ಎಂಬುದಕ್ಕೇ ಕುರುಕ್ಷೇತ್ರ. ನನ್ನದು ನಮ್ಮಪ್ಪನ ಆರಾಮ ಕುರ್ಚಿ. ಹೆಂಡತಿ ಕಲ್ಲವ್ವನದು ನಮ್ಮವ್ವನ ಬೀಸುವ ಕಲ್ಲು. (ಹೆಸರಿನಲ್ಲೇ ಕಲ್ಲಿದ್ದವಳು ಕಲ್ಲಿನ ಪಕ್ಷ ಬಿಟ್ಟಾಳೆಯೇ?)

ಸೊಸೆ ಪ್ರಾಜಕ್ತಾ ಮರಾಠಿ ಹುಡುಗಿ, ಠಾಣೆ ಊರಿನ ಕೋರ್ಟಿನಲ್ಲಿ ವಕೀಲೆ; ನನಗೆ ಬಾಬಾ, ಕಲ್ಲವ್ವನಿಗೆ ಆಯೀ ಎನ್ನುತ್ತಾಳೆ. ಅವಳನ್ನೇ ನ್ಯಾಯಾಧೀಶೆ ಮಾಡಿದರೆ ನನ್ನ ಇಂಗ್ಲಿಷಿಗೆ ಬೆಲೆ ಸಿಕ್ಕೀತು ಎಂಬ ದಿವ್ಯ ಐಡಿಯಾ ಹೊಳೆಯಿತು. ರೊಟ್ಟಿ ತಿನ್ನುವಾಗ ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ: ನನ್ನ ಕುರ್ಚಿ ಬರೀ ಕುರ್ಚಿಯಲ್ಲ, ಏರ್‌ಲೂಮ್. ಏರ್ ಅಂದರೆ ವಾರಸುದಾರ. ಲೂಮ್ ಇವತ್ತು ಮಗ್ಗವಾದರೂ ಮೂಲದಲ್ಲಿ ಯಾವುದೇ ಕೆಲಸದ ಉಪಕರಣ. ಹಿಂದೆ ಇಂಗ್ಲೆಂಡಿನಲ್ಲಿ ಉಳಿದ ಸಾಮಾನು ಪಾಲಾಗಿ ಹೋದರೂ ಏರ್‌ಲೂಮ್ ಮಾತ್ರ ಮನೆಯ ಜೊತೆಗೇ ವಾರಸುದಾರನಿಗೆ ಸೇರುತ್ತಿತ್ತು.

ಕಲ್ಲವ್ವ ಪಲ್ಯ ಬಡಿಸುತ್ತಾ ಶಾಂತವಾಗಿ ಕೇಳಿದಳು. "ಕೆಲಸದ ಸಾಮಾನು ಅಂದ್ರಲ್ಲ, ನಿಮ್ಮ ಕುರ್ಚಿ ಏನ ಕೆಲಸಾ ಮಾಡತೈತ್ರಿ?"

"ಅದರಾಗ ಕುಂತು ನಾ ವಿಚಾರ ಮಾಡ್ತೀನಿ."

"ಗೊರಕಿ ಹೊಡೀತೀರಿ."

ಸೊಸೆ ನಕ್ಕು ತೀರ್ಪು ಕೊಟ್ಟಳು. ನಮ್ಮಪ್ಪನ ಕುರ್ಚಿ ಉಲ್ಹಾಸನಗರದ ಸೆಕೆಂಡ್‌ಹ್ಯಾಂಡ್ ಅಂಗಡಿಗೆ ಹೋಯಿತು, ಕಲ್ಲು ಸೀವುಡ್ಸ್‌ಗೆ ಟೆಂಪೊ ಹತ್ತಿತು. ನನಗೆ ನಿಜಕ್ಕೂ ಸಂಕಟವಾಯಿತು.

ನಮ್ಮ ಮನೆತನದಲ್ಲಿ ಹೊಸ ಮನೆ ಹೊಕ್ಕ ದಿನ ಬೀಸುವ ಕಲ್ಲಿಗೆ ಅರಿಷಿಣ ಕುಂಕುಮ ಹಚ್ಚಿ, ಅತ್ತೆ ಸೊಸೆಯ ಕೈಗೆ ಗೂಟ ಹಿಡಿಸುತ್ತಾಳೆ. ಅಲ್ಲಿಂದ ಬೀಸುವ ಹೊಣೆ ಸೊಸೆಯದು. ಕಲ್ಲವ್ವ ಜೋಳ ಹಾಕಿ ಕರೆದಳು. ಪ್ರಾಜಕ್ತಾ ಕಲ್ಲನ್ನು ನೋಡಿದಳು, ತನ್ನ ಉಗುರಿನ ಬಣ್ಣ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಆಯೀ, ಒಂದ್ ಮಿನಿಟ್. ಕಾಯದಾ ಏನ್ ಹೇಳ್ತದ? ಈ ಏರ್‌ಲೂಮ್ ಬಾಬಾನ ಅವ್ವಂದು. ಸೊಸಿಗಿಂತ ಮೊದಲ ಮಗ ವಾರಸದಾರ ಅಲ್ಲೇನು?"

ಮದುವೆಯಾದಾಗಿನಿಂದ ಆ ಕಲ್ಲು ತಿರುಗಿಸಿದ ಕಲ್ಲವ್ವನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಗೂಟವನ್ನು ನನ್ನ ಕೈಗೆ ಹಿಡಿಸಿ, ಎರಡೂ ಕೈ ಜಾಡಿಸಿಕೊಂಡು ಎದ್ದಳು. ವಾದಿಸಲು ನನ್ನ ಬಳಿ ಇದ್ದದ್ದು ಒಂದೇ ಶಾಸ್ತ್ರ, ಅದನ್ನೂ ನಾನೇ ಅವರಿಗೆ ಕಲಿಸಿಬಿಟ್ಟಿದ್ದೆ.

ಈಗ ರವಿವಾರದ ನುಚ್ಚು ಬೀಸುವ ಪಾಳಿ ನನ್ನದು. ಮೊನ್ನೆ ಕೆಳಗಿನ ಫ್ಲ್ಯಾಟಿನ ಉಡುಪಿಯ ವೇದಾವತಿಯವರು ಮೇಲೆ ಬಂದು, ಇದೆಂಥ ಗುಡುಗುಡು ಸದ್ದು ಎಂದು ಕೇಳಿದರು. ಕಲ್ಲವ್ವ ಸೋಫಾದ ಮೇಲೆ ಕಾಲು ಚಾಚಿ ಚಹಾ ಕುಡಿಯುತ್ತಿದ್ದಳು.

"ಏನಿಲ್ರಿ ಅಕ್ಕಾರ, ನಮ್ಮನಿಯವರು ಪಿತ್ರಾರ್ಜಿತ ಆಸ್ತಿ ಅನುಭವಿಸಾಕತ್ತಾರ."