ತುರ್ತು ಕಡತದಲ್ಲೊಂದು ಕತೆ

ಗುಮಾಸ್ತ ಅಂದು ಬೆಳಿಗ್ಗೆ ತನ್ನ ಕತೆಯನ್ನು ಕೆಂಪು ಕಡತದೊಳಗೆ ಬಚ್ಚಿಟ್ಟದ್ದೇ ಎಡವಟ್ಟಾಯಿತು. ಆ ನೀರು ಸರಬರಾಜು ಕಚೇರಿಯಲ್ಲಿ ಕೆಂಪು ಕಡತವೆಂದರೆ 'ತುರ್ತು' ಎಂದರ್ಥ. ಹದಿನೆಂಟು ವರ್ಷ ಅಲ್ಲೇ ಕೂತು ಸವೆದವನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ತುರ್ತು ಕಡತವನ್ನು ಯಾರಾದರೂ ಮುಟ್ಟಿದ್ದನ್ನು ಅವನು ಕಂಡಿರಲಿಲ್ಲ. ಅದಕ್ಕಿಂತ ಭದ್ರವಾದ ಜಾಗ ಇಡೀ ಕಟ್ಟಡದಲ್ಲಿಲ್ಲ ಅಂದುಕೊಂಡ.

ಪಕ್ಕದ ಬೀದಿಯ ವಾರಪತ್ರಿಕೆಯ ಕಥಾಸ್ಪರ್ಧೆಗೆ ಅಂದು ಸಂಜೆ ಐದು ಗಂಟೆಗೆ ಗಡುವು. ಹನ್ನೊಂದು ವರ್ಷದಿಂದ ಅವನು ಕಳಿಸಿದ್ದೆಲ್ಲ ವಾಪಸು ಬಂದಿತ್ತು.

"ಇದೇ ಕೊನೆ. ಇದೂ ವಾಪಸು ಬಂದ್ರೆ ಇನ್ನು ಪೆನ್ನು ಮುಟ್ಟಲ್ಲ" ಎಂದು ಹೆಂಡತಿಗೆ ಮಾತು ಕೊಟ್ಟಿದ್ದ.

"ಹೋದ ವರ್ಷವೂ ಇದನ್ನೇ ಹೇಳಿದ್ರಿ."

"ಹೋದ ವರ್ಷ ಇಷ್ಟು ಸುಸ್ತಾಗಿರ್ಲಿಲ್ಲ ಕಣೇ."

ನಿಜಕ್ಕೂ ಅವನಿಗೆ ಸಾಕಾಗಿತ್ತು. ಗೆದ್ದರೆ ಒಂದು ಸಲ ಹೆಸರು ಅಚ್ಚಿನಲ್ಲಿ ನೋಡುವುದು, ಸೋತರೆ ರಜೆಯ ದಿನಗಳಲ್ಲಿ ಕಾಲು ಚಾಚಿ ಮಲಗುವುದು. ಎರಡರಲ್ಲಿ ಯಾವುದಾದರೂ ಒಂದು ಸಿಕ್ಕಿದರೆ ಸಾಕಿತ್ತು.

ಊಟ ಮುಗಿಸಿ ಬಂದು ನೋಡಿದರೆ ಕಡತವಿಲ್ಲ!

"ನಾನೇ ಇಂಜಿನಿಯರ್ ಟೇಬಲ್‌ಗೆ ಹಾಕ್ದೆ" ಅಂದ ಮುದಿ ಜವಾನ, ದೊಡ್ಡ ಉಪಕಾರ ಮಾಡಿದವನಂತೆ. "ಸಾಹೇಬ್ರು ಬೆಳಿಗ್ಗೆ ನಂಗೆ ಉಗಿದ್ರು. ಕೆಂಪು ಕಡತ ಇವತ್ತು ಎಲ್ಲಾ ಟೇಬಲ್ ಸುತ್ತಿ ಅವರ ರೂಮಿಗೆ ಬರ್ಬೇಕಂತೆ."

ಗುಮಾಸ್ತ ಬಿದ್ದಂಬೀಳ ಓಡಿದ. ಇಂಜಿನಿಯರ್ ಕಣ್ಣೊರೆಸಿಕೊಳ್ಳುತ್ತಿದ್ದರು.

"ಪಾಪ ಕಣ್ರೀ ಆ ಮುದುಕ. ಹೆಂಡತಿ ಸತ್ತ ಮೇಲೆ ನಲ್ಲಿ ತೊಟ್ಟಿಕ್ಕೋ ಸದ್ದು ಕೇಳ್ಕೊಂಡು ಕೂತಿರ್ತಾನೆ. ಯಾವ ವಾರ್ಡು?"

"ಅದು ಅರ್ಜಿಯಲ್ಲ ಸಾರ್, ಕತೆ."

"ನಮಗೆ ಬರೋ ಅರ್ಜಿಯೆಲ್ಲ ಕತೆನೇ ಅಲ್ವೇನ್ರೀ? 'ಮೊದಲ ಪುಟದಲ್ಲೇ ವಾಷರ್ ಬದಲಿಸಬಹುದಿತ್ತು. ಏಕೆ ಬದಲಿಸಲಿಲ್ಲ ಎಂಬುದು ಓದುಗನಿಗೆ ತಿಳಿಯಬೇಕು' ಅಂತ ಟಿಪ್ಪಣಿ ಹಾಕಿ ಟೈಪಿಸ್ಟ್ ಮೇಡಂಗೆ ಕಳಿಸ್ದೆ."

ಟೈಪಿಸ್ಟ್ ಮೇಡಂ ತಲೆಯೆತ್ತದೆ ಹೇಳಿದರು: "ಒಂದೇ ಪುಟದಲ್ಲಿ ಹನ್ನೊಂದು 'ಅಯ್ಯೋ' ಇತ್ತಲ್ರೀ. ಒಂದು ಉಳಿಸಿ ಮಿಕ್ಕಿದ್ದಕ್ಕೆ ಕಾಟು ಹೊಡೆದಿದೀನಿ. ಈಗ ಆ ಒಂದು ಕೇಳಿಸುತ್ತೆ."

ಹೆಡ್ ಕ್ಲರ್ಕ್ ಆಗಲೇ ಟಿಪ್ಪಣಿ ಬರೆಯುತ್ತಿದ್ದರು. ಗುಮಾಸ್ತ ಕೈ ಚಾಚಿದ ಕೂಡಲೇ ಕಡತವನ್ನು ಎದೆಗವಚಿಕೊಂಡರು.

"ಟಿಪ್ಪಣಿ ಬಿದ್ದ ಕಡತ ಸಾಹೇಬರ ಸಹಿ ಇಲ್ದೆ ಕೆಳಗಿಳಿಯೋ ಹಾಗಿಲ್ಲ. ನಿಮಗೆ ನಾನು ನಿಯಮ ಹೇಳ್ಬೇಕಾ?"

"ಸಾರ್, ಐದು ಗಂಟೆಯೊಳಗೆ ಪತ್ರಿಕೆಗೆ ಮುಟ್ಟಬೇಕು!"

"ಅದಕ್ಕೇ ಚುಟುಕಾಗಿ ಬರೆದಿದೀನಿ. ಕೇಳಿ: 'ಮುದುಕ ದುಃಖದಲ್ಲಿದ್ದಾನೆಂದು ಆರು ಕಡೆ ಹೇಳಲಾಗಿದೆ. ಬಕೆಟ್ ತುಂಬಿ ಹರಿದರೂ ಅವನು ಏಳಲಿಲ್ಲ ಎಂದಿದ್ದರೆ ಸಾಕಿತ್ತು.' ಹೇಗಿದೆ?"

ಚೆನ್ನಾಗಿತ್ತು. ಗುಮಾಸ್ತನ ಹೊಟ್ಟೆ ಉರಿದದ್ದೇ ಅದಕ್ಕೆ. ಹನ್ನೊಂದು ವರ್ಷ ತಲೆ ಕೆರೆದುಕೊಂಡರೂ ಅವನಿಗೆ ಆ ಬಕೆಟ್ ಹೊಳೆದಿರಲಿಲ್ಲ.

ನಾಲ್ಕೂವರೆಗೆ ಕಡತ ಸಾಹೇಬರ ಕೋಣೆ ಸೇರಿತು, ಬಾಗಿಲು ಮುಚ್ಚಿತು. ಐದು ಹೊಡೆಯಿತು. ಹೊರಗಿನ ಬೆಂಚಿನ ಮೇಲೆ ಗುಮಾಸ್ತ ಹಿಂಡಿಟ್ಟ ಬಟ್ಟೆಯಂತೆ ಕೂತಿದ್ದ. ಒಳಗಿನಿಂದ ಕರೆ ಬಂದಾಗ ಐದೂಮುಕ್ಕಾಲು.

"ಕಚೇರಿ ವೇಳೆಯಲ್ಲಿ ಕತೆ ಬರೀತೀರಾ?"

"ತಪ್ಪಾಯ್ತು ಸಾರ್. ಇನ್ನು ಬರೆಯಲ್ಲ."

"ಮೇಲಿನ ಹಾಳೆಯಲ್ಲಿ 'ಸಂಪಾದಕರಿಗೆ' ಅಂತಿತ್ತು. ಆಗಲೇ ಸಹಿ ಹಾಕಿ ಇಡೀ ಕಡತವನ್ನೇ ಹಿಂಬಾಗಿಲಿಂದ ಜವಾನನ ಕೈಲಿ ಕಳಿಸ್ದೆ. ಐದಕ್ಕೆ ಹತ್ತು ನಿಮಿಷ ಇರೋವಾಗ್ಲೇ ಮುಟ್ಟಿದೆ."

ಗುಮಾಸ್ತನ ಕಣ್ಣು ತುಂಬಿ ಬಂತು. ಆ ಕಚೇರಿಯ ಕಡತವೊಂದು ಹೊತ್ತಿಗೆ ಸರಿಯಾಗಿ ತಲುಪಿದ್ದು, ಅದೂ ಅವನದು!

"ಸಂಪಾದಕರು ಈಗಷ್ಟೇ ಫೋನ್ ಮಾಡಿದ್ರು. ತುಂಬಾ ಮೆಚ್ಚಿಕೊಂಡಿದಾರೆ. ಮುಂದಿನ ವಾರವೇ ಅಚ್ಚು."

"ನನ್ನ ಕತೆ... ಸಾರ್?"

"ಕತೆ ಅಲ್ರೀ, ಟಿಪ್ಪಣಿಗಳು. 'ಹೊಸ ಕತೆಗಾರರಿಗೆ ಕಿವಿಮಾತು' ಅಂತ ಪ್ರತಿ ವಾರ ಹಾಕ್ತಾರಂತೆ, ನಮ್ಮೆಲ್ಲರ ಫೋಟೋ ಸಮೇತ. ನಿಮ್ಮದರಿಂದ ಉದಾಹರಣೆಗೆ ನಾಲ್ಕು ಸಾಲು ತಗೋತಾರೆ. ಮುಜುಗರ ಆಗ್ಬಾರ್ದು ಅಂತ ಹೆಸರು ಹಾಕಲ್ಲ."

ಗುಮಾಸ್ತ ಉಸಿರುಬಿಟ್ಟ. ನೋವಾಯಿತು, ಹಿಂದೆಯೇ ಹಗುರವೂ ಆಯಿತು. ಕಾಲು ಚಾಚಿ ಮಲಗುವುದಂತೂ ದಕ್ಕಿತಲ್ಲ.

"ಸರಿ ಸಾರ್. ಇವತ್ತಿಗೆ ಬರೆಯೋದು ಬಿಟ್ಟೆ."

"ಬಿಡೋದು ಹೇಗ್ರೀ? ನೀವು ಬರೆಯದಿದ್ರೆ ನಾವು ಟಿಪ್ಪಣಿ ಹಾಕೋದು ಯಾವುದಕ್ಕೆ?" ಸಾಹೇಬರು ಆಗಲೇ ಟೈಪಾಗಿದ್ದ ಆದೇಶವನ್ನು ಮುಂದೆ ತಳ್ಳಿದರು. "ಪ್ರತಿ ಸೋಮವಾರ ಒಂದು ಕತೆ, ಕೆಂಪು ಕಡತದಲ್ಲಿ. ಮಟ್ಟ ಮಾತ್ರ ಹೀಗೇ ಇರ್ಲಿ. ಸುಧಾರಿಸಿದ್ದು ಕಂಡುಬಂದ್ರೆ ನೋಟಿಸ್ ಕೊಡ್ಬೇಕಾಗುತ್ತೆ."

ಹೊರಗೆ ಜವಾನ ತಲೆ ಕೆರೆಯುತ್ತ ನಿಂತಿದ್ದ.

"ನಿಮ್ಮ ಮುಂದಿನ ಕತೆಗೆ ನಂದೂ ಒಂದು ಟಿಪ್ಪಣಿ ಇದೆ ಸಾರ್."

"ಇನ್ನೂ ಬರೆದೇ ಇಲ್ವಲ್ಲಯ್ಯ!"

"ಪರವಾಗಿಲ್ಲ ಸಾರ್, ತಪ್ಪು ಈಗ್ಲೇ ಕಾಣ್ತಿದೆ."