ಎರಡನೇ ಬೇಸಿನ್ನಿನ ವಿಷಯದಲ್ಲಿ ಭೂಮಿಯವರು ತೋರಿದ ಅಸಡ್ಡೆ

ಮಾನ್ಯ ಭೂಮಿಯವರೇ,

ಹಗಲನ್ನೂ ಇರುಳನ್ನೂ ತಾವೇ ತಯಾರಿಸುತ್ತಿರುವಾಗ ತಮ್ಮನ್ನು ಹಗಲಿರುಳೆನ್ನದೆ ದುಡಿಯುವವರು ಎಂದು ಹೊಗಳುವುದು ಸರಿಯೋ ತಪ್ಪೋ ತಿಳಿಯದೆ, ಬರೀ ಕೈಮುಗಿದು ಈ ಪತ್ರವನ್ನು ಆರಂಭಿಸುತ್ತಿದ್ದೇನೆ. ಒಂದು ದಿನವೂ ರಜೆ ಹಾಕದೆ, ತಲೆ ಸುತ್ತುತ್ತಿದೆ ಎಂದು ಗೊಣಗದೆ, ಇಷ್ಟೊಂದು ಜನರನ್ನು ಬೆನ್ನ ಮೇಲೆ ಹೊತ್ತು ತಾವು ತಿರುಗುತ್ತಿರುವುದು ದಿನವಿಡೀ ನಿಂತು ಕೆಲಸ ಮಾಡುವ ನಮ್ಮಂಥವರಿಗೆ ದೊಡ್ಡ ಆದರ್ಶ. ಹೆಂಗಸರ ಕೂದಲು ಕತ್ತರಿಸಿ, ತೊಳೆದು, ಬಣ್ಣ ಹಚ್ಚಿ ಕಳಿಸುವ ಒಂದು ಸಣ್ಣ ಅಂಗಡಿಯ ಅರ್ಧ ಒಡತಿ ನಾನು. ಇನ್ನರ್ಧ ನನ್ನ ತಂಗಿಯದು. ಆ ಅರ್ಧ ಈ ತಿಂಗಳ ಕೊನೆಗೆ ಎದ್ದು ಬೇರೊಂದು ಅಂಗಡಿಗೆ ಹೊರಟಿದೆ, ಅದಕ್ಕೆ ತಾವೇ ಹೊಣೆ ಎಂದು ವಿನಯಪೂರ್ವಕವಾಗಿ ತಿಳಿಸುವುದೇ ಈ ಪತ್ರದ ಉದ್ದೇಶ.

ನಮ್ಮಲ್ಲಿ ತಲೆ ತೊಳೆಯುವ ಬೇಸಿನ್ನುಗಳು ಎರಡು. ಒಂದೇ ಅಂಗಡಿಯಲ್ಲಿ ಕೊಂಡವು, ಒಂದೇ ಗೋಡೆಗೆ ಕೂತವು, ಅಕ್ಕತಂಗಿಯರಂತೆ ಅಕ್ಕಪಕ್ಕದಲ್ಲೇ ಇರುವವು. ಎಡಗಡೆಯದು ನನ್ನದು, ಬಲಗಡೆಯದು ಅವಳದು. ನೀರು ಯಾವ ಕಡೆಗೆ ಸುತ್ತಿ ಹೋಗುತ್ತದೆ ಎಂದು ಇಷ್ಟು ವರ್ಷ ನಾವಿಬ್ಬರೂ ಬಗ್ಗಿ ನೋಡಿದವರಲ್ಲ, ಕೂದಲು ಸಿಕ್ಕಿಕೊಳ್ಳದೆ ಹೋದರೆ ಸಾಕಾಗಿತ್ತು. ಹೀಗಿರುವಾಗ ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಕಾಯುತ್ತ ಕೂತಿದ್ದಾಗ ಒಂದು ಹಳೆಯ ಪತ್ರಿಕೆ ನನ್ನ ಕೈಗೆ ಸಿಕ್ಕಿತು. ಭೂಮಿ ತಿರುಗುವುದರಿಂದ, ಉತ್ತರದ ಅರ್ಧಗೋಳದಲ್ಲಿರುವ ನಮ್ಮಂಥವರ ಮನೆಯ ಬೇಸಿನ್ನಿನಲ್ಲಿ ನೀರು ಸದಾ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ ಎಂದು ಅದರಲ್ಲಿ ಬರೆದಿತ್ತು. ಅಂಗಡಿಗೆ ಬಂದವಳೇ ನಲ್ಲಿ ತಿರುಗಿಸಿ ನೋಡಿದೆ. ನನ್ನ ಬೇಸಿನ್ನು ತಮ್ಮ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸುತ್ತಿತ್ತು. ತಂಗಿಯದು ಮಾತ್ರ, ಹೇಳಲು ಸಂಕೋಚವಾಗುತ್ತದೆ, ತಮಗೆ ಸಾರಾಸಗಟಾಗಿ ತಿರುಗಿಬಿದ್ದಿತ್ತು.

ಆಮೇಲೆ ನಾನು ಮಾಡಿದ್ದು ತಮ್ಮ ಮೇಲಿನ ಗೌರವದಿಂದಲೇ ಹೊರತು ಬೇರೆ ಯಾವ ಕಾರಣಕ್ಕೂ ಅಲ್ಲ. ಒಂದು ಚಂದದ ರಟ್ಟಿನ ಮೇಲೆ "ಇಲ್ಲಿ ಭೂಮಿಯ ನಿಯಮದಂತೆ ತಲೆ ತೊಳೆಯಲಾಗುವುದು" ಎಂದು ದಪ್ಪಕ್ಷರದಲ್ಲಿ ಬರೆದು ನನ್ನ ಬೇಸಿನ್ನಿನ ಮೇಲೆ ತೂಗುಹಾಕಿದೆ. ತಂಗಿ ಅದನ್ನು ಓದಿ, "ಅಕ್ಕ, ನೀರು ಕೆಳಗೆ ಹೋದ್ರೆ ಸಾಕಲ್ವಾ? ಅದು ಹೋಗೋವಾಗ ಯಾವ ಕಡೆ ತಿರುಗಿದ್ರೆ ಯಾರಿಗೇನಂತೆ?" ಎಂದು ನಕ್ಕಳು. ಆದರೆ ಗಿರಾಕಿಗಳು ನಗಲಿಲ್ಲ. ಕೂದಲು ಉದುರುವವರೆಲ್ಲ ಇಷ್ಟು ದಿನ ಯಾವ ಬೇಸಿನ್ನಿನಲ್ಲಿ ತಲೆ ಕೊಟ್ಟಿದ್ದೆವು ಎಂದು ನೆನಪು ಮಾಡಿಕೊಳ್ಳತೊಡಗಿದರು. ಮದುವೆಯ ಹಿಂದಿನ ದಿನ ಹುಡುಗಿಯ ಕಡೆಯವರು ದಂಡು ಕಟ್ಟಿಕೊಂಡು ಬಂದಾಗ ಅತ್ತೆ, ಚಿಕ್ಕಮ್ಮ, ನಾದಿನಿಯರೆಲ್ಲ ನನ್ನ ಕುರ್ಚಿಗೇ ಸಾಲು ನಿಂತರು. ತಂಗಿ ತನ್ನ ಖಾಲಿ ಕುರ್ಚಿಯ ಹಿಂದೆ ನಿಂತು, ಆಗಲೇ ಮಡಚಿಟ್ಟಿದ್ದ ಟವೆಲುಗಳನ್ನು ಬಿಚ್ಚಿ ಮತ್ತೆ ಮಡಚಿದಳು. ನಾನು ಅದನ್ನು ಕನ್ನಡಿಯಲ್ಲಿ ನೋಡಿಯೂ ರಟ್ಟನ್ನು ಕೆಳಗಿಳಿಸಲಿಲ್ಲ. ಅಂದಿನಿಂದ ದಿನವೂ ಅಂಗಡಿ ಮುಚ್ಚುವ ಹೊತ್ತಿಗೆ ನಮ್ಮಿಬ್ಬರ ಕೂಗಾಟ ಶುರುವಾಗುತ್ತಿತ್ತು.

ಕೊನೆಗೆ ತಮ್ಮ ಬಣ್ಣ ಬಯಲಾದದ್ದು ಹವಾಮಾನ ಕಚೇರಿಯಲ್ಲಿ ಕೆಲಸ ಮಾಡುವ ಒಬ್ಬ ಗಿರಾಕಿಯಿಂದ. ತಲೆಯ ತುಂಬ ನೊರೆಯಿದ್ದಾಗಲೇ ಆಕೆ ನನ್ನ ರಟ್ಟು ಓದಿ ಕೆಮ್ಮುವಷ್ಟು ನಕ್ಕರು. "ಭೂಮಿ ಸುತ್ತೋದರ ಲೆಕ್ಕ ಚಂಡಮಾರುತಕ್ಕೆ ಕಣಮ್ಮ, ಇಷ್ಟು ಚಿಕ್ಕ ಬೇಸಿನ್ನಿಗಲ್ಲ. ಇಲ್ಲಿ ನಲ್ಲಿ ಮೂತಿ ಎತ್ತ ವಾಲಿದ್ಯೋ ನೀರು ಅತ್ತ" ಎಂದರು. ಬಗ್ಗಿ ನೋಡಿದರೆ ನಿಜವಾಗಿಯೂ ನನ್ನ ನಲ್ಲಿ ಒಂದು ಕಡೆಗೆ ವಾಲಿತ್ತು, ಅವಳದು ಇನ್ನೊಂದು ಕಡೆಗೆ. ಸಮುದ್ರದ ಮೇಲೆ ಊರೂರುಗಳನ್ನೇ ನುಂಗುವಷ್ಟು ದೊಡ್ಡ ಗಾಳಿಯನ್ನು ಬುಗುರಿಯಂತೆ ಆಡಿಸುವ ತಮಗೆ, ನನ್ನ ಮೊಳದಗಲದ ಬೇಸಿನ್ನಿನ ಕಡೆ ಗಮನ ಕೊಡಲು ಪುರುಸೊತ್ತಾಗಲಿಲ್ಲವೆಂದರೆ ಏನು ಹೇಳಲಿ? ದೊಡ್ಡವರ ಕೆಲಸವೆಲ್ಲ ಹೀಗೇ ದೊಡ್ಡದಾಗಿಯೇ ಇರುತ್ತದೆ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ಅಂದೇ ರಟ್ಟನ್ನು ಹರಿದು ಹಾಕಿದೆ. ಆದರೆ ತಂಗಿಯ ಎದುರು "ತಪ್ಪಾಯ್ತು" ಎನ್ನಲು ನಾಲಿಗೆ ಏಳಲಿಲ್ಲ. ಅದರ ಬದಲು ನಲ್ಲಿ ರಿಪೇರಿಯವನನ್ನು ಗುಟ್ಟಾಗಿ ಕರೆದು, ವಾರದ ರಜೆಯ ದಿನ ಬಂದು ನನ್ನ ನಲ್ಲಿಯನ್ನು ತಂಗಿಯದರಂತೆಯೇ ತಿರುಗಿಸಿಬಿಡು ಎಂದು ಹೇಳಿದೆ. ಎರಡೂ ಒಂದೇ ಕಡೆ ಸುತ್ತಿದರೆ ಮಾತಿಲ್ಲದೆ ರಾಜಿಯಾಗುತ್ತದೆ ಎಂಬುದು ನನ್ನ ಲೆಕ್ಕಾಚಾರ. ದಿನವೂ ಕೂಗಾಡುವುದು ಸಾಕಾಗಿ ಅವಳೂ ಅದೇ ಮನುಷ್ಯನನ್ನು ಹಿಡಿದು, ತನ್ನ ನಲ್ಲಿಯನ್ನು ಅಕ್ಕನದರಂತೆ ತಿರುಗಿಸು ಎಂದಿದ್ದಳೆಂಬುದು ನನಗೇನು ಗೊತ್ತು! ಆ ಪುಣ್ಯಾತ್ಮ ಎರಡನ್ನೂ ತಿರುಗಿಸಿ ಹೋದ. ಆಮೇಲೆ ಕೇಳಿದರೆ, "ಅಕ್ಕ ಹೇಳಿದ್ದು ಅಕ್ಕಂಗೆ ಮಾಡ್ದೆ, ತಂಗಿ ಹೇಳಿದ್ದು ತಂಗಿಗೆ ಮಾಡ್ದೆ. ಮನೆ ವಿಷಯದಲ್ಲಿ ನಾನ್ಯಾಕೆ ಬಾಯಿ ಹಾಕ್ಲಿ?" ಎಂದ.

ಮರುದಿನ ಬೆಳಿಗ್ಗೆ ನಲ್ಲಿ ಬಿಟ್ಟಾಗ ನೀರು ಮತ್ತೆ ಎದುರುಬದುರಾಗಿಯೇ ಸುತ್ತಿತು. ತಂಗಿ ನನ್ನ ಬೇಸಿನ್ನನ್ನೂ ನನ್ನ ಮುಖವನ್ನೂ ನೋಡಿ, "ನಾನು ನಿನ್ನ ದಾರಿಗೆ ಬಂದ್ರೆ ನೀನು ದಾರೀನೇ ಬದಲಾಯಿಸ್ತೀಯಲ್ಲ ಅಕ್ಕ" ಎಂದಳು. ಜೋರಾಗಿ ಹೇಳಿದ್ದರೆ ನಾನೂ ಜೋರಾಗಿ ಉತ್ತರ ಕೊಡುತ್ತಿದ್ದೆ. ಅವಳು ಮೆಲ್ಲಗೆ ಹೇಳಿದಳು. ನಾನು ನಲ್ಲಿ ನಿಲ್ಲಿಸಿ ಬೇಸಿನ್ನು ಒರೆಸತೊಡಗಿದೆ. ಆ ಸಂಜೆಯೇ ಅವಳು ಬೇರೆ ಅಂಗಡಿಯವರಿಗೆ ಬರುತ್ತೇನೆಂದು ಮಾತು ಕೊಟ್ಟಳು.

ಆದ್ದರಿಂದ ತಮ್ಮಲ್ಲಿ ಅರಿಕೆ ಏನೆಂದರೆ, ತಮ್ಮ ಸಮಭಾಜಕ ರೇಖೆಯನ್ನು ಸ್ವಲ್ಪ ಸಡಿಲಿಸಿ ನಮ್ಮ ಎರಡು ಕುರ್ಚಿಗಳ ನಡುವೆ ಹಾಯಿಸಿಕೊಡಬೇಕು. ಆಗ ನನ್ನದೊಂದು ಅರ್ಧಗೋಳ, ಅವಳದೊಂದು ಅರ್ಧಗೋಳ, ಇಬ್ಬರದೂ ಸರಿ. ಅದು ಕಷ್ಟವಾದರೆ, ನಾನು ಆ ರಟ್ಟು ಕೊಂಡ ದಿನದವರೆಗೆ ದಯಮಾಡಿ ಹಿಮ್ಮುಖವಾಗಿ ತಿರುಗಬೇಕು, ಸಮುದ್ರಗಳು ತುಳುಕದಂತೆ ನೋಡಿಕೊಂಡರಾಯಿತು. ಎರಡೂ ಆಗದಿದ್ದರೆ ತಾವು ತಮ್ಮ ಪಾಡಿಗೆ ತಿರುಗುತ್ತಿರಬಹುದು. ತಾವು ನಿಂತರೂ ನಮ್ಮ ಬೇಸಿನ್ನಿನ ನೀರು ಹೇಗೋ ಇಳಿದುಹೋಗುತ್ತದೆ. ಅವಳು ಹೋದರೆ ಈ ಅಂಗಡಿಯಲ್ಲಿ ನನಗೆ ಕೈಯೇ ಓಡುವುದಿಲ್ಲ.

ತಮ್ಮ ವಿಶ್ವಾಸಿ,
ಎಡಗಡೆ ಕುರ್ಚಿಯವಳು

ವಿ.ಸೂ.: ತಮ್ಮ ವಿಳಾಸ ಎಲ್ಲೂ ಸಿಗದ ಕಾರಣ ಈ ಪತ್ರವನ್ನು ತಂಗಿಯ ಕನ್ನಡಿಗೆ ಅಂಟಿಸಿದ್ದೇನೆ. ತಾವು ಓದದಿದ್ದರೆ ಬೇಸರವಿಲ್ಲ. ಓದಿದವಳು ಚೀಲಕ್ಕೆ ತುಂಬಿದ ಬಾಚಣಿಗೆಗಳನ್ನು ಹೊರಗೆ ತೆಗೆದಿಟ್ಟರೆ ಉತ್ತರ ಬಂತೆಂದು ತಿಳಿಯುತ್ತೇನೆ. ಹೋಗಿಯೇ ಹೋಗುತ್ತೇನೆ ಎಂದರೂ, ಅದರಲ್ಲಿ ಅಗಲ ಹಲ್ಲಿನ ಕರಿ ಬಾಚಣಿಗೆ ನನ್ನದು.