ನಾಲ್ಕು ತಲೆಮಾರಿನ ಫೋಟೋ ಮತ್ತು ನನ್ನ ದೊಡ್ಡ ಕ್ಯಾಮರಾ

ನನ್ನ ಸ್ವಭಾವದಲ್ಲಿ ಹೊಟ್ಟೆಕಿಚ್ಚು ಎಂಬುದು ಇಲ್ಲ. ಷಡ್ಡಕ ಬಸವರಾಜನ ವಿಷಯದಲ್ಲಿ ಮಾತ್ರ ತುಸು ಇದೆ. ನಮ್ಮ ಕಡೆ ಷಡ್ಡಕನಿಗೆ ಸಾಡೂ ಎನ್ನುತ್ತಾರೆ. ನಾನು ಮುರುಮದಲ್ಲಿ ಕಿರಾಣಿ ಅಂಗಡಿ ಇಟ್ಟವನು, ಅವನು ಉದಗೀರದ ಕಾಲೇಜಿನಲ್ಲಿ ಪಾಠ ಹೇಳುವವನು. ಅದನ್ನು ನಾನು ಎಂದೋ ಕ್ಷಮಿಸಿದ್ದೆ. ಅವನ ಕೊರಳಲ್ಲಿ ನೇತಾಡುತ್ತಿದ್ದ ಎಸ್‌ಎಲ್‌ಆರ್ ಕ್ಯಾಮರಾವನ್ನು ಕ್ಷಮಿಸಲಾಗಲಿಲ್ಲ.

ಯಾವ ಮದುವೆಗೆ ಹೋದರೂ ಜನ ಅವನನ್ನೇ ಕೂಗುತ್ತಿದ್ದರು. ನಾನು ಮೊಬೈಲು ಎತ್ತಿದರೆ ನನ್ನ ಹೆಂಡತಿ ಸುವರ್ಣಾ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸುತ್ತಿರಲಿಲ್ಲ. ಅವನು ಕ್ಯಾಮರಾ ಎತ್ತಿದರೆ ಮಾತ್ರ ಕೈ ತೊಳೆದು, ಸೆರಗು ಸರಿಮಾಡಿಕೊಂಡು, ಕಿಟಕಿಯ ಪಕ್ಕ ಹೋಗಿ ನಿಲ್ಲುತ್ತಿದ್ದಳು. ಅದೂ ನಗುತ್ತ!

ಹೀಗಿರುವಾಗ ನಿಲಂಗಾದಿಂದ ಸುವರ್ಣಾಳ ಅಜ್ಜಿ ಫೋನು ಮಾಡಿದರು. ಮನೆಮಂದಿಗೆಲ್ಲ ಅವರು ಆಯಿ. ಸುವರ್ಣಾಳ ತಮ್ಮನ ಮಗುವಿಗೆ ಹೆಸರಿಡುವ ಕಾರ್ಯ ಇತ್ತು. ಆಯಿ, ಅವರ ಮಗ, ಮೊಮ್ಮಗ, ಮರಿಮೊಮ್ಮಗಳು, ನಾಲ್ಕೂ ತಲೆಮಾರು ಒಂದೇ ಫೋಟೋದಲ್ಲಿ ಬರಬೇಕೆಂಬುದು ಅವರ ಆಸೆ.

“ಆಧಾರ ಕಾರ್ಡಿನಾಗ ನಾ ಕಳ್ಳಿಗತೆ ಕಾಣ್ತೀನವ್ವ,” ಎಂದರು ಆಯಿ. “ನಾ ಹೋದ ಮ್ಯಾಲ ಅದಕ್ಕೇ ಹಾರ ಹಾಕಬ್ಯಾಡ್ರಿ. ಬಸವರಾಜಗ ಕ್ಯಾಮರಾ ತಗೊಂಡು ಬಾ ಅನ್ನು.”

ಬಸವರಾಜ! ನಾನು ಸುವರ್ಣಾಳ ಕೈಯಿಂದ ಫೋನು ಕಿತ್ತುಕೊಂಡು, ಈ ಐತಿಹಾಸಿಕ ಹೊಣೆಯನ್ನು ಸ್ವತಃ ನಾನೇ ಹೊರುವುದಾಗಿ ಆಯಿಗೆ ವಚನ ಕೊಟ್ಟೆ. ಆಗ ನನ್ನ ಬಳಿ ಕ್ಯಾಮರಾ ಇರಲಿಲ್ಲ.

ಮರುದಿನವೇ ಉದಗೀರಕ್ಕೆ ಹೋದೆ. ಅಂಗಡಿಯವನು ಎರಡು ಕ್ಯಾಮರಾಗಳನ್ನು ಮುಂದಿಟ್ಟ. ಒಂದು ಅಂಗಿಯ ಜೇಬಿನಲ್ಲಿ ಕೂರುವ ಪುಟ್ಟ ಡಿಜಿಟಲ್ ಕ್ಯಾಮರಾ. ದೊಡ್ಡದು ಮಾಡುವ ಕೆಲಸವನ್ನೆಲ್ಲ ಇದೂ ಮಾಡುತ್ತದೆ, ಮಬ್ಬು ಬೆಳಕಿನಲ್ಲೂ ತೆಗೆಯುತ್ತದೆ, ಸಣ್ಣ ಕೋಣೆಯ ಮಂದಿಯೆಲ್ಲ ಇದರಲ್ಲಿ ಹಿಡಿಸುತ್ತಾರೆ ಎಂದು ಅವನು ಬಹಳ ತಾಳ್ಮೆಯಿಂದ ವಿವರಿಸಿದ. ನಾನೂ ಅಷ್ಟೇ ತಾಳ್ಮೆಯಿಂದ ಕೇಳಿ, ಎರಡನೆಯದನ್ನು ಕೊರಳಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಎಸ್‌ಎಲ್‌ಆರ್! ಬಸವರಾಜನದಕ್ಕಿಂತ ಇದು ಗಿಡ್ಡವಾಗಿ ಕಂಡಿತು. ಇದಕ್ಕಿಂತ ಉದ್ದ ಲೆನ್ಸ್ ಕೇಳಿದೆ. ಮೊಳದಷ್ಟು ಉದ್ದದ್ದೊಂದು ಬಂತು.

“ಸಾಹೇಬ್ರ, ಇದು ದೂರದ ಹಕ್ಕಿ ತೆಗಿಯೋದು,” ಎಂದ ಅಂಗಡಿಯವನು. “ಮನಿಯಾಗ ಇದು ನಡಿಯಂಗಿಲ್ರಿ.”

ಕ್ಯಾಮರಾದ ಜೊತೆಗೆ ಬರುವ ಗಿಡ್ಡ ಲೆನ್ಸ್ ಬೇಡವೆಂದು ಹೇಳಿ, ಉದ್ದದ್ದನ್ನೇ ಹಾಕಿಸಿಕೊಂಡು ಬಂದೆ.

ಹೆಸರಿಡುವ ದಿನ ನಾನು ನಿಲಂಗಾದ ಮಾವನ ಮನೆಯನ್ನು ಪ್ರವೇಶಿಸಿದಾಗ ಹೆಂಗಸರು ಹಾದಿ ಬಿಟ್ಟರು. ಮಕ್ಕಳು ಲೆನ್ಸ್ ಮುಟ್ಟಲು ಮುಗಿಬಿದ್ದರು. ಬಸವರಾಜ ಮೂಲೆಯಲ್ಲಿ ಬರಿಗೊರಳಲ್ಲಿ ಕೂತಿದ್ದ. ಸೋಲೊಪ್ಪಿ ಮನೆಯಲ್ಲೇ ಬಿಟ್ಟು ಬಂದಿರಬೇಕು ಎಂದುಕೊಂಡೆ. ಜೀವನದಲ್ಲಿ ಅಷ್ಟು ಸುಖದ ನಿಮಿಷ ನನಗೆ ಮತ್ತೆ ಸಿಕ್ಕಿಲ್ಲ.

ಆಯಿ ಹೊಸ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಮಗ, ಮೊಮ್ಮಗ ಹಿಂದೆ ನಿಂತರು. ನಾನು ಕ್ಯಾಮರಾದಲ್ಲಿ ಕಣ್ಣಿಟ್ಟೆ. ಆಯಿಯ ಮೂಗು ಕಂಡಿತು. ಮೂಗು ಮಾತ್ರ, ಅದೂ ಮಸುಕು.

ಎರಡು ಹೆಜ್ಜೆ ಹಿಂದೆ ಸರಿದೆ. ಮೂಗಿನ ಜೊತೆ ಒಂದು ಕಣ್ಣು ಸೇರಿತು. ಗೋಡೆಗೆ ಬೆನ್ನು ಹಚ್ಚಿದೆ. ಇಡೀ ಮುಖ ಬಂತು, ಉಳಿದ ಮೂರು ತಲೆಮಾರು ಇನ್ನೂ ಬರಬೇಕಿತ್ತು. ಹೊಸ್ತಿಲು ದಾಟಿ ಪಡಸಾಲೆಗೆ ಇಳಿದೆ. ಮಗುವಿನ ಟೊಪ್ಪಿಗೆ ಬಂತು. ಕಣ್ಣು ಕ್ಯಾಮರಾದಲ್ಲೇ ಇಟ್ಟು ಇನ್ನಷ್ಟು ಹಿಂದೆ, ಹಿತ್ತಲ ಅಂಗಳಕ್ಕೆ ನಡೆದೆ.

“ಎಲ್ಲಿ ಹೊಂಟಾನ ಅಂವಾ?” ಎಂದು ಒಳಗಿನಿಂದ ಆಯಿ ಕೇಳಿದ್ದು ಕೇಳಿಸಿತು. “ಫೋಟೋ ಇಲ್ಲಿ ಅದ.”

ಅಷ್ಟರಲ್ಲಿ ನನ್ನ ಬಲಗಾಲು ಬೆಚ್ಚಗಿನ, ಮೆತ್ತಗಿನ ಪದಾರ್ಥವೊಂದರಲ್ಲಿ ಪಾದ ಮುಳುಗುವಷ್ಟು ಇಳಿಯಿತು. ನೂರು ಮಂದಿಯ ಹೋಳಿಗೆಗೆಂದು ದೊಡ್ಡ ಪರಾತದಲ್ಲಿ ಆರಲಿಟ್ಟಿದ್ದ ಹೂರಣ ಅದು. ಹೆಂಗಸರೆಲ್ಲ ಒಮ್ಮೆಲೇ ಕೂಗಿದರು. ಮಗು ಬೆಚ್ಚಿ ಅಳತೊಡಗಿತು. ಕಾಲು ಎತ್ತಬೇಕೋ ಫೋಟೋ ತೆಗೆಯಬೇಕೋ ತಿಳಿಯದೆ, ಕಲಾವಿದನ ಕರ್ತವ್ಯವೆಂದು ಗುಂಡಿ ಒತ್ತಿದೆ. ಒತ್ತುತ್ತಲೇ ಹೋದೆ.

ಸುವರ್ಣಾ ಓಡಿ ಬಂದು ಕ್ಯಾಮರಾದ ಪರದೆ ನೋಡಿದಳು.

“ಇದರಾಗ ಮೆಮರಿ ಕಾರ್ಡ್ ಇಲ್ಲ ಅಂತ ಬರದದಲ್ರಿ,” ಎಂದಳು, ಬಹಳ ಮೆಲ್ಲಗೆ. ಬೈದಿದ್ದರೆ ಚೆನ್ನಾಗಿತ್ತು.

ಒಳಗೆ ಆಯಿ ಕಣ್ಣೊರೆಸಿಕೊಳ್ಳುತ್ತಿದ್ದರು. “ಹೋಗಲಿ ಬಿಡ್ರಿ, ಆ ಕಳ್ಳಿ ಫೋಟೋನೇ ಸಾಕು,” ಎಂದು ಏಳಲು ಹೊರಟರು. ನನಗೆ ನಿಜಕ್ಕೂ ನೆಲದೊಳಗೆ ಇಳಿದುಹೋಗಬೇಕೆನಿಸಿತು. ಕಾಲು ಹೂರಣದಲ್ಲಿ ಇದ್ದುದರಿಂದ ಅರ್ಧ ಇಳಿದೂ ಇದ್ದೆ.

ಆಗ ಬಸವರಾಜ ಎದ್ದ. ಅಂಗಿಯ ಜೇಬಿಗೆ ಕೈ ಹಾಕಿ ಪುಟ್ಟ ಕ್ಯಾಮರಾ ತೆಗೆದ. ದೊಡ್ಡದನ್ನು ಹೊತ್ತು ಕೊರಳು ನೋಯುತ್ತಿತ್ತಂತೆ, ಡಾಕ್ಟರು ಬೇಡ ಅಂದರಂತೆ, ಹೋದ ತಿಂಗಳೇ ಮಾರಿದನಂತೆ. ಆಯಿಯನ್ನು ಹಿತ್ತಲ ಬಾಗಿಲಿಗೆ ಬೆನ್ನಾಗುವಂತೆ ತನ್ನ ಕಡೆ ತಿರುಗಿಸಿ ಕೂಡಿಸಿ, ಉಳಿದವರನ್ನು ಅವರ ಹಿಂದೆ ನಿಲ್ಲಿಸಿ, ಮಗುವಿಗೆ ಚಿಟಿಕೆ ಹೊಡೆದು ನಗಿಸಿ, ನಿಂತಲ್ಲಿಂದಲೇ ಒಮ್ಮೆ ಒತ್ತಿದ. ಮುಗಿಯಿತು. ಆಯಿ ನೋಡಿ, ತಮ್ಮ ತಾಯಿಯನ್ನೇ ಕಂಡಂತಾಯಿತು ಎಂದು ಅವನ ತಲೆ ಸವರಿದರು. ಅಂದಿನಿಂದ ನನ್ನ ಹೊಟ್ಟೆಕಿಚ್ಚು ದೊಡ್ಡ ಕ್ಯಾಮರಾ ಬಿಟ್ಟು ಸಣ್ಣದಕ್ಕೆ ಅಂಟಿಕೊಂಡಿದೆ.

ಆ ಫೋಟೋ ಈಗ ಮಾವನ ಮನೆಯ ಗೋಡೆಯ ಮೇಲಿದೆ. ಹೋದಾಗಲೆಲ್ಲ ಒಂದಾದರೂ ದೋಷ ಸಿಗಲೆಂದು ಹತ್ತಿರ ನಿಂತು ಹುಡುಕುತ್ತೇನೆ. ಆಯಿ ನಗುತ್ತಿದ್ದಾರೆ, ನಾಲ್ಕು ತಲೆಮಾರೂ ಸ್ಪಷ್ಟ, ಸೀರೆಯ ಅಂಚಿನ ಎಳೆ ಎಣಿಸಬಹುದು. ಹಿಂದಿನ ತೆರೆದ ಬಾಗಿಲಿನಾಚೆ, ಪರಾತದಲ್ಲಿ ಒಂದು ಕಾಲಿಟ್ಟು ಬಾಯಿ ತೆರೆದು ನಿಂತಿರುವ ಮನುಷ್ಯನೂ ಅಷ್ಟೇ ಸ್ಪಷ್ಟವಾಗಿ ಬಂದಿದ್ದಾನೆ. ಇಷ್ಟು ದಿನ ಹುಡುಕಿದರೂ ನನಗೆ ಸಿಕ್ಕ ದೋಷ ಅವನೊಬ್ಬನೇ.